ಚಾಕಲೇಟಿನ ಕಹಿ

ನಮ್ಮ ಬಸವನಗುಡಿ, ಚಾಮರಾಜಪೇಟೆಗಳ ಕಡೆ ಯಾವ ತಿನಿಸೂ ಬರಿಯ ತಿನಿಸಾಗಿ ಬಹುಕಾಲ ಉಳಿಯುವುದಿಲ್ಲ. ಇಂದಲ್ಲ ನಾಳೆ ಅದಕ್ಕೆ ಒಂದು ಔಷಧದ ಗುಣ ಅಂಟಿಕೊಂಡೇ ತೀರುತ್ತದೆ. ಮೆಂತ್ಯ ಸಕ್ಕರೆ ಕಾಯಿಲೆಗೆ, ಜೀರಿಗೆ ಪಿತ್ತಕ್ಕೆ, ನೆಲ್ಲಿಕಾಯಿ ಕಣ್ಣಿಗೆ, ಬೆಳ್ಳುಳ್ಳಿ ವಾಯುವಿಗೆ ಎಂದು ಅಡಿಗೆಮನೆಯ ಡಬ್ಬಗಳನ್ನೆಲ್ಲ ನಾವು ಎಂದೋ ಗ್ರಂಧಿಗೆ ಅಂಗಡಿಯ ಡಬ್ಬಗಳನ್ನಾಗಿ ಮಾಡಿಕೊಂಡಿದ್ದೇವೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಯಾರೂ ನಿರೀಕ್ಷಿಸದಿದ್ದ ಹೊಸಬನೊಬ್ಬ ಬಂದು ಸೇರಿದ್ದಾನೆ. ಅವನೇ ಕಪ್ಪು ಚಾಕಲೇಟು. ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಮುಗಿಸಿ ಕುಳಿತ ಹಿರಿಯರ ಮಾತಿನಲ್ಲಿ ಮೊದಲು ಮಂಡಿನೋವು, ಆಮೇಲೆ ಮೊಮ್ಮಕ್ಕಳು, ಅದಾದ ಮೇಲೆ ಈ ಚಾಕಲೇಟು ಬರುತ್ತದೆ. ‘ಹೃದಯಕ್ಕೆ ಒಳ್ಳೆಯದಂತೆ’ ಎನ್ನುವರು ಒಬ್ಬರು; ‘ರಕ್ತದೊತ್ತಡ ಇಳಿಯುತ್ತದಂತೆ’ ಎನ್ನುವರು ಇನ್ನೊಬ್ಬರು.

ನಾನು ವೈದ್ಯನಲ್ಲ, ಹಳೆಯ ಕಥೆಗಳನ್ನು ಕೆದಕುವ ಚಟವುಳ್ಳವನು. ಆದರೆ ಈ ‘ಅಂತೆ’ಗಳ ನಿಜಾಂಶ ಎಷ್ಟು ಎಂಬುದಕ್ಕೆ ಉತ್ತರ ಅರ್ಧ ವೈದ್ಯಶಾಸ್ತ್ರದಲ್ಲಿದ್ದರೆ ಇನ್ನರ್ಧ ಚರಿತ್ರೆಯಲ್ಲಿದೆ. ಚಾಕಲೇಟು ಔಷಧವೆಂಬ ಹೆಸರಿನಿಂದ ಲೋಕಸಂಚಾರಕ್ಕೆ ಹೊರಟು, ನಡುದಾರಿಯಲ್ಲಿ ಮಿಠಾಯಿಯಾಗಿ, ಈಗ ಮತ್ತೆ ಔಷಧವೆನ್ನಿಸಿಕೊಳ್ಳಲು ಬಯಸುತ್ತಿರುವ ಪದಾರ್ಥ. ದಾರಿಯಲ್ಲಿ ಅದು ಏನನ್ನು ಕಳೆದುಕೊಂಡಿತು ಎಂಬುದು ಗೊತ್ತಾದರೆ, ಯಾವುದನ್ನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದೂ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ.

ನಾನು ಹುಡುಗನಾಗಿದ್ದಾಗ ಚಾಕಲೇಟು ಎಂಬ ಮಾತಿಗೂ ಕೋಕೋವಿಗೂ ಹೆಚ್ಚಿನ ನೆಂಟಸ್ತಿಕೆ ಇರಲಿಲ್ಲ. ಗಾಂಧಿಬಜಾರಿನ ಅಂಗಡಿಗಳ ಗಾಜಿನ ಭರಣಿಯಲ್ಲಿ ಬಣ್ಣದ ಕಾಗದ ಸುತ್ತಿಕೊಂಡು ಕುಳಿತಿರುತ್ತಿದ್ದ ಸಕ್ಕರೆಯ ಗಟ್ಟಿಗಳೆಲ್ಲವೂ ನಮಗೆ ಚಾಕಲೇಟೇ. ಹುಟ್ಟುಹಬ್ಬದ ದಿನ ತರಗತಿಯಲ್ಲಿ ಹಂಚುತ್ತಿದ್ದುದೂ ಅದೇ, ಅಂಗಡಿಯವರು ಚಿಲ್ಲರೆಗೆ ಬದಲಾಗಿ ಕೈಗೆ ತುರುಕುತ್ತಿದ್ದುದೂ ಅದೇ. ಆದುದರಿಂದ ಚಾಕಲೇಟಿನ ಹುಟ್ಟುಗುಣ ಸಿಹಿಯಲ್ಲ, ಕಹಿ ಮತ್ತು ಒಗರು ಎಂದರೆ ನಮ್ಮಲ್ಲಿ ಅನೇಕರು ನಂಬುವುದಿಲ್ಲ. ಆದರೂ ಅದು ನಿಜ.

ಕೋಕೋ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ಕಾಡು. ಈಕ್ವೆಡಾರ್ ದೇಶದಲ್ಲಿ ದೊರೆತ ಹಳೆಯ ಮಣ್ಣಿನ ಪಾತ್ರೆಗಳಿಗೆ ಅಂಟಿದ್ದ ಕುರುಹುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಸುಮಾರು 5300 ವರ್ಷಗಳ ಹಿಂದೆಯೇ ಅಲ್ಲಿನ ಜನ ಕೋಕೋವನ್ನು ಬಳಸುತ್ತಿದ್ದರೆಂದು 2018ರಲ್ಲಿ ಪ್ರಕಟಪಡಿಸಿದರು. ಮುಂದೆ ಮಧ್ಯ ಅಮೆರಿಕದ ಮಾಯಾ ಜನರೂ ಮೆಕ್ಸಿಕೋದ ಆಸ್ಟೆಕ್ ಜನರೂ ಅದನ್ನು ಬಹು ದೊಡ್ಡ ವಸ್ತುವೆಂದು ಎಣಿಸಿದರು. ಅವರು ಅದನ್ನು ಮುಖ್ಯವಾಗಿ ಕುಡಿಯುತ್ತಿದ್ದರು. ಬೀಜವನ್ನು ಹುರಿದು, ಕಲ್ಲಿನ ಮೇಲೆ ಅರೆದು, ನೀರು ಬೆರೆಸಿ, ಮೆಣಸಿನಕಾಯಿಯನ್ನೋ ಪರಿಮಳದ ಹೂವನ್ನೋ ಸೇರಿಸಿ, ನಾವು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ಹಾಗೆ ಪಾತ್ರೆಯಿಂದ ಪಾತ್ರೆಗೆ ಸುರಿದು ನೊರೆ ಎಬ್ಬಿಸುತ್ತಿದ್ದರು. ಕಬ್ಬಿನ ಸಕ್ಕರೆ ಅವರಿಗೆ ಗೊತ್ತಿರಲಿಲ್ಲ. ಆಸ್ಟೆಕ್ ರಾಜ್ಯದಲ್ಲಿ ಕೋಕೋ ಬೀಜ ನಾಣ್ಯದಂತೆಯೂ ಚಲಾವಣೆಯಲ್ಲಿತ್ತು. ಕಪ್ಪಕಾಣಿಕೆಯನ್ನು ಬೀಜದ ಮೂಟೆಗಳಲ್ಲಿ ಸಲ್ಲಿಸುತ್ತಿದ್ದರು. ಹಾಗಾಗಿ ಅಲ್ಲಿ ಒಂದು ಬಟ್ಟಲು ಕೋಕೋ ಕುಡಿಯುವುದೆಂದರೆ ಒಂದು ಹಿಡಿ ಹಣವನ್ನು ಅರೆದು ಕುಡಿದಂತೆ. ಅಂಥ ಪದಾರ್ಥವನ್ನು ಯಾರೂ ಹೊಟ್ಟೆ ಬಿರಿಯುವಂತೆ ಸೇವಿಸಲಾರರಷ್ಟೆ.

ಸ್ಪೇನ್ ದೇಶದವರು 1519ರಲ್ಲಿ ಮೆಕ್ಸಿಕೋವಿಗೆ ಬಂದಿಳಿದು ಎರಡೇ ವರ್ಷಗಳಲ್ಲಿ ಆ ರಾಜ್ಯವನ್ನು ಮುರಿದರು. ಅವರ ಹಿಂದೆ ಬಂದ ಪಾದ್ರಿಗಳಲ್ಲಿ ಬರ್ನಾರ್ಡಿನೋ ದ ಸಹಗುನ್ ಎಂಬಾತನೊಬ್ಬನಿದ್ದ. ಈತ ಆಸ್ಟೆಕ್ ಹಿರಿಯರನ್ನು ಕೇಳಿ ಕೇಳಿ, ಅವರ ಭಾಷೆಯಲ್ಲಿಯೇ ಅವರ ಆಚಾರ ವಿಚಾರಗಳನ್ನೆಲ್ಲ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ಗ್ರಂಥವಾಗಿ ಬರೆಯಿಸಿದ. ಕೋಕೋವಿನ ವಿಷಯವಾಗಿ ಆ ಹಿರಿಯರು ಹೇಳಿರುವುದು ಗಮನಿಸತಕ್ಕದ್ದು. ಅತಿಯಾಗಿ ಕುಡಿದರೆ, ಅದರಲ್ಲಿಯೂ ಎಳೆಯ ಕೋಕೋವನ್ನು ಕುಡಿದರೆ, ತಲೆ ತಿರುಗಿಸಿ ಮಂಕು ಹಿಡಿಸುತ್ತದೆ. ಹದವಾಗಿ ಕುಡಿದರೆ ದಣಿವು ಕಳೆದು ಮನಸ್ಸನ್ನು ಮುದಗೊಳಿಸುತ್ತದೆ ಎಂಬುದು ಅವರ ಮಾತಿನ ಸಾರಾಂಶ. ಇಂದಿನ ವೈದ್ಯರು ‘ಮಿತವಾಗಿ ತಿನ್ನಿ’ ಎಂದು ಹೇಳುವಾಗ ಹೊಸದೇನನ್ನೋ ಕಂಡುಹಿಡಿದರೆಂದು ನಾವು ತಿಳಿಯಬೇಕಾದುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಅರಿವು ಎಲ್ಲ ಸೀಮೆಯ ಹಿರಿಯರಿಗೂ ಇದ್ದೇ ಇದೆ.

ಯೂರೋಪಿಗೆ ಹೋದ ಕೋಕೋ ಮೊದಲು ಸಿಕ್ಕಿಬಿದ್ದದ್ದು ವೈದ್ಯರ ಕೈಗೆ. ನಮ್ಮಲ್ಲಿ ವಾತ ಪಿತ್ತ ಕಫಗಳೆಂಬಂತೆ ಅವರಲ್ಲಿ ನಾಲ್ಕು ಧಾತುರಸಗಳ ಲೆಕ್ಕವಿತ್ತು. ಈ ಹೊಸ ಬೀಜ ಉಷ್ಣವೋ ಶೀತವೋ ಎಂಬ ವಿಚಾರವಾಗಿ ದೊಡ್ಡ ಚರ್ಚೆ ನಡೆಯಿತು. ಸ್ಪೇನಿನ ವೈದ್ಯ ಅಂಟೋನಿಯೋ ಕೊಲ್ಮೆನೆರೋ ದ ಲೆಡೆಸ್ಮಾ 1631ರಲ್ಲಿ ಚಾಕಲೇಟಿನ ಗುಣಗಳನ್ನು ಕುರಿತೇ ಒಂದು ಪುಸ್ತಕ ಪ್ರಕಟಿಸಿದ. 1657ರ ವೇಳೆಗೆ ಲಂಡನ್ನಿನಲ್ಲಿ ಚಾಕಲೇಟು ಪಾನದ ಅಂಗಡಿ ತೆರೆಯಿತು. ಅಷ್ಟರಲ್ಲಿ ಕಹಿಗೆ ಸಕ್ಕರೆಯ ಜೊತೆ ದೊರೆತಿತ್ತು. ಆ ಸಕ್ಕರೆ ಬರುತ್ತಿದ್ದುದು ಆಫ್ರಿಕದಿಂದ ಹಿಡಿದು ತಂದ ಗುಲಾಮರು ದುಡಿಯುತ್ತಿದ್ದ ಅಮೆರಿಕದ ತೋಟಗಳಿಂದ. ಶ್ರೀಮಂತರ ಬಟ್ಟಲಿನ ಸಿಹಿಯ ಹಿಂದೆ ಹೀಗೆ ಬೇರೊಂದು ಕಹಿ ಇತ್ತು ಎಂಬುದನ್ನು ಚರಿತ್ರೆ ಬರೆಯುವವನು ಹೇಳದೆ ಮುಂದೆ ಹೋಗುವಂತಿಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಈ ಮರಕ್ಕೆ ‘ಥಿಯೋಬ್ರೋಮ’ ಎಂಬ ಹೆಸರು ಕೊಟ್ಟ. ದೇವತೆಗಳ ಆಹಾರ ಎಂದು ಅದರ ಅರ್ಥ.

ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದವು. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಮನೆತನದವರು ಕೋಕೋವನ್ನು ಗಾಣದಂಥ ಯಂತ್ರದಲ್ಲಿ ಒತ್ತಿ, ಬೆಣ್ಣೆಯನ್ನು ಬೇರೆ, ಪುಡಿಯನ್ನು ಬೇರೆ ಮಾಡುವ ಉಪಾಯಕ್ಕೆ ಸನ್ನದು ಪಡೆದರು. ಪುಡಿಗೆ ಕ್ಷಾರ ಬೆರೆಸಿದರೆ ಕಹಿ ಒಗರುಗಳು ಇಳಿದು ಬಣ್ಣ ಗಾಢವಾಗುತ್ತದೆ ಎಂಬುದನ್ನೂ ಅವರು ರೂಢಿಗೆ ತಂದರು. 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಕಂಪೆನಿಯವರು, ಬೇರ್ಪಟ್ಟ ಬೆಣ್ಣೆಯನ್ನು ಸಕ್ಕರೆಯೊಡನೆ ಮತ್ತೆ ಕೋಕೋವಿಗೆ ಸೇರಿಸಿ ಅಚ್ಚು ಹೊಯ್ದರು. ಕುಡಿಯುವ ಚಾಕಲೇಟು ಹೀಗೆ ಕಡಿದು ತಿನ್ನುವ ಚಾಕಲೇಟಾಯಿತು. 1875ರಲ್ಲಿ ಸ್ವಿಟ್ಸರ್‌ಲೆಂಡಿನ ಡೇನಿಯಲ್ ಪೀಟರ್ ಅದಕ್ಕೆ ಹಾಲು ಸೇರಿಸಿದ. 1879ರಲ್ಲಿ ಅದೇ ದೇಶದ ಲಿಂಟ್ ಎಂಬಾತ ಗಂಟೆಗಟ್ಟಲೆ ಅರೆದು ನಯಗೊಳಿಸುವ ಯಂತ್ರ ಮಾಡಿದ. ಸುಮಾರು ಐವತ್ತು ವರ್ಷಗಳಲ್ಲಿ ದೇವತೆಗಳ ಕಷಾಯ ಮಕ್ಕಳ ಮಿಠಾಯಿಯಾಗಿ ಹೋಯಿತು.

ಈ ಬದಲಾವಣೆಯಲ್ಲಿ ರುಚಿಗೆ ಲಾಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಳೆದುದೇನು? ಕೋಕೋ ಬೀಜದಲ್ಲಿ ‘ಫ್ಲೇವನಾಲ್’ ಎಂಬ ಜಾತಿಯ ವಸ್ತುಗಳಿವೆ. ಚಹಾ, ಸೇಬು, ದ್ರಾಕ್ಷಿಗಳಲ್ಲಿಯೂ ಇವು ಉಂಟು. ಬಾಯಿಗೆ ಕಹಿಯಾಗಿ ಒಗರಾಗಿ ತೋರುವ ಈ ವಸ್ತುಗಳೇ ರಕ್ತನಾಳಗಳಿಗೆ ಹಿತವನ್ನು ಮಾಡುವುವೆಂದು ಈಗ ತಿಳಿದುಬಂದಿದೆ. ನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟಿ, ನಾಳ ಸಡಿಲಗೊಂಡು, ರಕ್ತ ಸರಾಗವಾಗಿ ಹರಿಯುತ್ತದೆ. ಈ ಅನಿಲದ ಕೆಲಸವನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂದಿತು. ಕೋಕೋವಿನ ಫ್ಲೇವನಾಲುಗಳು ಆ ಅನಿಲ ಹೆಚ್ಚಾಗಿ ಹುಟ್ಟಲು ನೆರವಾಗುತ್ತವೆ. ಕ್ಷಾರ ಬೆರೆಸಿದಾಗ ನಾಶವಾಗುವುದು ಇವೇ. ಹಾಲು ಸಕ್ಕರೆಗಳನ್ನು ತುಂಬಿದಾಗ ಜಾಗವಿಲ್ಲದೆ ಕಡಿಮೆಯಾಗುವುದೂ ಇವೇ. ಕಹಿಯನ್ನು ಹೊರಗೆ ಕಳುಹಿಸಿದವರು ಅದರ ಕೈಹಿಡಿದಿದ್ದ ಗುಣವನ್ನೂ ಅರಿಯದೆ ಕಳುಹಿಸಿಬಿಟ್ಟರು.

ಈ ದೂರದ ಬೀಜಕ್ಕೂ ನಮಗೂ ಇರುವ ಸಂಬಂಧ ಅಂಗಡಿಯದು ಮಾತ್ರವಲ್ಲ. ನಮ್ಮ ನಾಡಿನ ತೋಟದಲ್ಲಿಯೇ ಅದು ಬೆಳೆಯುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯವರು 1798ರಲ್ಲಿ ತಮಿಳು ಸೀಮೆಯ ಕುತ್ತಾಲದಲ್ಲಿ ಕೋಕೋ ಗಿಡಗಳನ್ನು ನೆಡಿಸಿದ್ದರೂ ಅದು ಬೇಸಾಯವಾಗಿ ಹಬ್ಬಲಿಲ್ಲ. 1948ರಲ್ಲಿ ಭಾರತದಲ್ಲಿ ಕಂಪೆನಿಯಾಗಿ ನೆಲೆಸಿದ ಕ್ಯಾಡ್‌ಬರಿಯವರು 1965ರಿಂದ ಈಚೆಗೆ ಕೋಕೋ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟರು. ಕೇರಳದಲ್ಲಿಯೂ ನಮ್ಮ ದಕ್ಷಿಣ ಕನ್ನಡದಲ್ಲಿಯೂ ರೈತರು ಅಡಿಕೆ ತೆಂಗುಗಳ ನಡುವೆ ಅದನ್ನು ನೆಟ್ಟರು. ಕೋಕೋವಿಗೆ ನೆರಳು ಬೇಕು. ಅಡಿಕೆಮರ ಹದವಾದ ನೆರಳನ್ನು ಕೊಡುತ್ತದೆ. ಎರಡು ಸಾಲು ಅಡಿಕೆಯ ನಡುವೆ ಬಿದ್ದಿದ್ದ ಜಾಗದಲ್ಲಿ ಎರಡನೆಯ ಬೆಳೆ ಬರುವುದಾದರೆ ಯಾರಿಗೆ ಬೇಡ? ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯವರು ವಿಟ್ಲದ ತಮ್ಮ ಕೇಂದ್ರದಲ್ಲಿ ಈ ಗಿಡದ ತಳಿಗಳನ್ನು ಬೆಳೆಸಿ ಪರೀಕ್ಷಿಸಿದರು. ಹಲಸಿನಂತೆ ಕಾಂಡದ ಮೈಗೇ ಕಾಯಿ ಬಿಡುವ ಈ ಮರವನ್ನು ಆ ಕಡೆಯ ತೋಟದವರು ಬಾಯಿತುಂಬ ‘ಕೊಕ್ಕೋ’ ಎಂದು ಕರೆದು ಮನೆಯವನನ್ನಾಗಿ ಮಾಡಿಕೊಂಡರು.

ಆದರೆ ಪರದೇಶದ ಪೇಟೆಯನ್ನು ನಂಬಿದ ಬೆಳೆಗೆ ಬರುವ ಕಷ್ಟ ಇದಕ್ಕೂ ಬಂದಿತು. 1980ರ ಸುಮಾರಿಗೆ ಬೆಲೆ ಕುಸಿಯಿತು; ಕೊಳ್ಳುವವರು ಹಿಂದೆಗೆದರು. ಕಾಯಿ ಮರದಲ್ಲಿಯೇ ಕಪ್ಪಾಗಿ ಕೊಳೆಯುವುದನ್ನು ನೋಡಲಾರದೆ ಅನೇಕ ರೈತರು ಗಿಡಗಳನ್ನು ಕಡಿದುಹಾಕತೊಡಗಿದರು. ಅಡಿಕೆ ಬೆಳೆಗಾರರ ರಕ್ಷಣೆಗೆಂದು 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ್ದ ಕ್ಯಾಂಪ್ಕೋ ಎಂಬ ಸಹಕಾರ ಸಂಸ್ಥೆ ಆಗ ಮುಂದೆ ಬಂದು ಕೋಕೋವನ್ನು ಕೊಳ್ಳಲು ಆರಂಭಿಸಿತು. ವಾರಣಾಸಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಕೊಂಡ ಬೀಜಕ್ಕೆ ಗತಿ ಕಾಣಿಸಬೇಕಲ್ಲ? ರೈತರ ಸಂಸ್ಥೆಯೇ ಪುತ್ತೂರಿನ ಬಳಿ ಚಾಕಲೇಟು ಕಾರ್ಖಾನೆಯನ್ನು ಕಟ್ಟಿತು. 1986ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಜೈಲ್‌ಸಿಂಗರು ಅದನ್ನು ಉದ್ಘಾಟಿಸಿದರು. ದೊಡ್ಡ ಕಂಪೆನಿಗಳ ವ್ಯಾಪಾರವೆಂದು ಲೋಕವೆಲ್ಲ ತಿಳಿದಿದ್ದ ಚಾಕಲೇಟನ್ನು ಪಂಚೆಯುಟ್ಟ ಅಡಿಕೆ ಬೆಳೆಗಾರರು ತಮ್ಮ ಕೈಗೆ ತೆಗೆದುಕೊಂಡದ್ದು ಸಣ್ಣ ಸಂಗತಿಯಲ್ಲ. ಆ ದಿನ ಮರ ಕಡಿಯದೆ ಉಳಿಸಿಕೊಂಡವರು, 2024ರಲ್ಲಿ ಆಫ್ರಿಕದ ಬೆಳೆ ಕೆಟ್ಟು ಕೋಕೋವಿನ ಬೆಲೆ ಟನ್ನಿಗೆ 10,000 ಡಾಲರನ್ನು ದಾಟಿದಾಗ, ತಾಳ್ಮೆಯ ಫಲವನ್ನು ಕಂಡರು.

ದಕ್ಷಿಣ ಕನ್ನಡದ ಕರಾವಳಿಯಿಂದ ಬಂದವರು ನಮ್ಮ ಬೆಂಗಳೂರಿಗೆ ಮಸಾಲೆದೋಸೆಯನ್ನೂ ಒಳ್ಳೆಯ ಕಾಫಿಯನ್ನೂ ಕೊಟ್ಟರು. 1943ರಲ್ಲಿ ಗಾಂಧಿಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಮೂಲಪುರುಷರೂ ಆ ಕರಾವಳಿಯವರೇ. ಅದೇ ಸೀಮೆಯ ಕೋಕೋವಿನ ವಿಷಯ ಹೇಳುವಾಗ ಕಾಫಿಯ ಉದಾಹರಣೆ ನಮಗೆ ಅನುಕೂಲವಾಗಿದೆ. ಕಾಫಿಬೀಜವನ್ನು ಹದವಾಗಿ ಹುರಿಯದಿದ್ದರೆ ಪರಿಮಳವಿಲ್ಲ. ಹೆಚ್ಚು ಹುರಿದರೆ ಸುಟ್ಟ ವಾಸನೆ. ಕೋಕೋವಿನ ಪಾಡೂ ಹಾಗೆಯೇ. ಹಸಿಬೀಜವನ್ನು ಸುಮಾರು ಆರು ದಿನ ರಾಶಿಹಾಕಿ ಹುದುಗು ಬರಿಸಿ, ಒಣಗಿಸಿ, ಹುರಿದರೆ ಮಾತ್ರ ಚಾಕಲೇಟಿನ ವಾಸನೆ ಹುಟ್ಟುತ್ತದೆ. ಈ ಪ್ರತಿಯೊಂದು ಸಂಸ್ಕಾರದಲ್ಲಿಯೂ ಒಂದಿಷ್ಟು ಫ್ಲೇವನಾಲ್ ಹೋಗುತ್ತದೆ. ಆದುದರಿಂದ ಕಟ್ಟಿನ ಮೇಲೆ ‘ಶೇಕಡ 70 ಕೋಕೋ’ ಎಂದು ಬರೆದಿದ್ದರೆ ಅದು ಕೋಕೋವಿನ ತೂಕವನ್ನು ಹೇಳಿತೇ ಹೊರತು ಗುಣ ಎಷ್ಟು ಉಳಿದಿದೆ ಎಂಬುದನ್ನು ಹೇಳಿದಂತಾಗಲಿಲ್ಲ. ಬರಿಯ ಕಹಿಯೇ ಗುಣದ ಪ್ರಮಾಣವೂ ಅಲ್ಲ. ಅಡಿಕೆಯೂ ಒಗರೇ, ಆದರೆ ಅದನ್ನು ಜಗಿಯುವುದರಿಂದ ಕ್ಯಾನ್ಸರ್ ಬರುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರಲ್ಲಿ ಸಾರಿತು. ಒಂದೇ ತೋಟದ ಎರಡು ಒಗರುಗಳಲ್ಲಿ ಇಷ್ಟು ಅಂತರ!

ಇನ್ನು ಹೃದಯದ ವಿಷಯ. ಪನಾಮಾ ದೇಶದ ಕರಾವಳಿಯ ದ್ವೀಪಗಳಲ್ಲಿ ಕುನಾ ಎಂಬ ಜನರಿದ್ದಾರೆ. ಅವರಲ್ಲಿ ವಯಸ್ಸಾದರೂ ರಕ್ತದೊತ್ತಡ ಏರುವುದಿಲ್ಲವೆಂದು 1944ರಲ್ಲಿಯೇ ಒಬ್ಬ ವೈದ್ಯರು ಗುರುತಿಸಿದ್ದರು. 1990ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ನಾರ್ಮನ್ ಹಾಲೆನ್‌ಬರ್ಗ್ ಅಲ್ಲಿಗೆ ಹೋಗಿ ನೋಡಿದಾಗ, ಪಟ್ಟಣಕ್ಕೆ ವಲಸೆ ಬಂದ ಕುನಾ ಜನರಲ್ಲಿ ಈ ಭಾಗ್ಯ ಉಳಿದಿರಲಿಲ್ಲ. ಆದುದರಿಂದ ಇದು ರಕ್ತದ ಗುಣವಲ್ಲ, ಬದುಕಿನ ಗುಣ ಎಂದಾಯಿತು. ದ್ವೀಪದವರು ದಿನಕ್ಕೆ ಹಲವು ಬಟ್ಟಲು ಕೋಕೋ ಕುಡಿಯುತ್ತಿದ್ದರು. ಅವರು ಮೀನು ಹಣ್ಣುಗಳನ್ನೂ ತಿನ್ನುತ್ತಿದ್ದರು, ದುಡಿಯುತ್ತಿದ್ದರು ಎಂಬುದನ್ನೂ ಮರೆಯಬಾರದು. ಕೀರ್ತಿಯನ್ನೆಲ್ಲ ಕೋಕೋವಿಗೇ ಕಟ್ಟುವುದು ನ್ಯಾಯವಲ್ಲ.

ಆಮೇಲೆ ನಡೆದ ಪರೀಕ್ಷೆಗಳ ತೀರ್ಪು ಹೆಚ್ಚು ಮಿತವಾದದ್ದು. ಕಾಕ್ರೇನ್ ಸಂಸ್ಥೆಯ ವಿದ್ವಾಂಸರು 2017ರಲ್ಲಿ 35 ಪರೀಕ್ಷೆಗಳನ್ನು, ಅಂದರೆ 1804 ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದರು. ಫ್ಲೇವನಾಲ್ ತುಂಬಿದ ಕೋಕೋವಿನಿಂದ ರಕ್ತದೊತ್ತಡ ಇಳಿಯುವುದು ನಿಜ. ಆದರೆ ಇಳಿಯುವುದು ಸರಾಸರಿ ಎರಡು ಅಂಕಿಗಿಂತ ಕಡಿಮೆ. ಅಮೆರಿಕದಲ್ಲಿ 21,442 ಮಂದಿ ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಕೋಕೋವಿನ ಸಾರವನ್ನು ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ದೊರೆಯುವಂತೆ ಗುಳಿಗೆಯಾಗಿ ಕೊಟ್ಟರು. ಹೃದಯ ಮತ್ತು ರಕ್ತನಾಳಗಳ ತೊಂದರೆಗಳ ಒಟ್ಟು ಸಂಖ್ಯೆ ನಂಬತಕ್ಕಷ್ಟು ಇಳಿಯಲಿಲ್ಲ. ಅಂಥ ಕಾಯಿಲೆಯಿಂದ ಸತ್ತವರ ಸಂಖ್ಯೆ ಮಾತ್ರ ಶೇಕಡ 27ರಷ್ಟು ಕಡಿಮೆಯಿತ್ತು. ಆಶೆ ಹುಟ್ಟಿಸುವ ಫಲವೇ ಸರಿ; ಆದರೆ ತಿಂದದ್ದು ಗುಳಿಗೆ, ಸಕ್ಕರೆ ಬೆರೆತ ಚಾಕಲೇಟಲ್ಲ. ಇಂಥ ಸಂಶೋಧನೆಗಳಲ್ಲಿ ಹಲವಕ್ಕೆ ಚಾಕಲೇಟು ಕಂಪೆನಿಗಳ ಹಣದ ನೆರವು ಇತ್ತೆಂಬುದನ್ನೂ ಓದುಗರು ತಿಳಿದಿರುವುದು ಒಳ್ಳೆಯದು. ಇದರಿಂದ ಫಲ ಸುಳ್ಳಾಗುವುದಿಲ್ಲ. ಓದುವವನು ಸ್ವಲ್ಪ ನಿಧಾನವಾಗಿ ಓದಬೇಕು, ಅಷ್ಟೆ.

ನಮ್ಮ ಬೀದಿಯ ಹಿರಿಯರೊಬ್ಬರು, ‘ಏನು ರಾಯರೆ, ಒತ್ತಡದ ಮಾತ್ರೆ ಬಿಟ್ಟು ದಿನಾ ಇದನ್ನೇ ಎರಡು ತುಂಡು ತಿಂದರೆ ಆಗುವುದಿಲ್ಲವೆ?’ ಎಂದು ಈಚೆಗೆ ನನ್ನನ್ನು ಕೇಳಿದ್ದುಂಟು. ಆಗುವುದಿಲ್ಲ ಎಂದೇ ನಾನು ಹೇಳಿದ್ದು. ವೈದ್ಯರು ಕೊಡುವ ಮಾತ್ರೆ ಇಳಿಸುವ ಒತ್ತಡ ಇದರ ಹಲವು ಪಟ್ಟು. ಚಾಕಲೇಟು ಮಾತ್ರೆಯ ಜಾಗದಲ್ಲಿ ಕುಳಿತುಕೊಳ್ಳತಕ್ಕದ್ದಲ್ಲ. ಅದು ಕುಳಿತುಕೊಳ್ಳಬಹುದಾದದ್ದು ಮೈಸೂರುಪಾಕಿನ ಜಾಗದಲ್ಲಿ.

ಹಾಗಾದರೆ ಮಿತ ಎಂದರೆ ಎಷ್ಟು? ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲೇವನಾಲ್ ದೊರೆತರೆ ರಕ್ತನಾಳಗಳ ಮೃದುತ್ವಕ್ಕೆ ಸಹಾಯವಾಗುವುದೆಂದು ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ 2012ರಲ್ಲಿ ಒಪ್ಪಿಕೊಂಡಿತು. ಗುಣವನ್ನು ಉಳಿಸಿ ತಯಾರಿಸಿದ ಕಪ್ಪು ಚಾಕಲೇಟಾದರೆ ಅದಕ್ಕೆ 10 ಗ್ರಾಂ ಸಾಕು. ಅಂಗಡಿಯ ಸಾಧಾರಣ ಕಪ್ಪು ಚಾಕಲೇಟಿನಲ್ಲಿ ಅಷ್ಟು ಇರುವ ಭರವಸೆಯಿಲ್ಲ. ಹಾಗೆಂದು ಮೂರು ಪಟ್ಟು ನಾಲ್ಕು ಪಟ್ಟು ತಿನ್ನುವುದು ಜಾಣತನವಲ್ಲ. ಶೇಕಡ 70ಕ್ಕೆ ಮೇಲ್ಪಟ್ಟು ಕೋಕೋ ಇರುವ ಚಾಕಲೇಟು 20 ಗ್ರಾಂ ತಿಂದರೆ ಸುಮಾರು 120 ಕ್ಯಾಲೊರಿ, ಎಂಟು ಗ್ರಾಂಗೂ ಹೆಚ್ಚು ಕೊಬ್ಬು, ಒಂದು ಚಮಚದಷ್ಟು ಸಕ್ಕರೆ ಹೊಟ್ಟೆ ಸೇರುತ್ತವೆ. ಜೊತೆಗೆ ಸ್ವಲ್ಪ ಕಬ್ಬಿಣ, ಮೆಗ್ನೀಸಿಯಂ, ನಾರು ಇವೂ ಸಿಗುತ್ತವೆ. ಹಾಲಿನ ಚಾಕಲೇಟಿನಲ್ಲಾದರೋ ಅರ್ಧದಷ್ಟು ಸಕ್ಕರೆಯೇ. ಸಕ್ಕರೆ ಕಾಯಿಲೆಯವರು ಈ ಲೆಕ್ಕವನ್ನು ವೈದ್ಯರ ಮುಂದಿಡದೆ ಕೈಚಾಚಬಾರದು. ಮೂತ್ರಪಿಂಡದಲ್ಲಿ ಕಲ್ಲು ಆಗುವವರೂ, ರಾತ್ರಿ ನಿದ್ದೆ ಬಾರದವರೂ ಎಚ್ಚರದಿಂದಿರಬೇಕು. ಕೋಕೋವಿನಲ್ಲಿ ಆಕ್ಸಲೇಟೂ ಉಂಟು, ಕಾಫಿಯ ಸತ್ವವೂ ಒಂದಿಷ್ಟು ಉಂಟು. ಕೆಲವು ಸೀಮೆಯ ಮಣ್ಣಿನಿಂದ ಕ್ಯಾಡ್ಮಿಯಂ ಎಂಬ ಕೆಟ್ಟ ಲೋಹ ಬೀಜಕ್ಕೆ ಏರುವುದರಿಂದ, ಯೂರೋಪಿನವರು 2019ರಿಂದ ಚಾಕಲೇಟಿನಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ. ಮಿತ ಎನ್ನುವುದಕ್ಕೆ ಇದೂ ಒಂದು ಕಾರಣ. ಮನೆಯ ನಾಯಿಗಂತೂ ಒಂದು ಚೂರನ್ನೂ ಹಾಕಕೂಡದು. ಕೋಕೋವಿನ ಥಿಯೋಬ್ರೋಮಿನ್ ಅದಕ್ಕೆ ವಿಷ.

ಕೊಳ್ಳುವಾಗ ಕಟ್ಟಿನ ಮುಂದಿನ ಬಣ್ಣದ ಚಿತ್ರವನ್ನು ಬಿಟ್ಟು ಹಿಂದಿನ ಸಣ್ಣಕ್ಷರಗಳನ್ನು ಓದಬೇಕು. ಮೊದಲ ಹೆಸರು ಸಕ್ಕರೆಯದಾಗಿದ್ದರೆ ಬಣ್ಣ ಎಷ್ಟೇ ಕಪ್ಪಗಿದ್ದರೂ ಅದು ಮಿಠಾಯಿ. ಕೋಕೋ ಬೆಣ್ಣೆಯ ಬದಲು ಬೇರೆ ಎಣ್ಣೆಯ ಹೆಸರಿದ್ದರೆ ಅದು ಚಾಕಲೇಟಿನ ವೇಷ. ಕ್ಷಾರ ಬೆರೆಸಿದ ಕೋಕೋ ಎಂದಿದ್ದರೆ ವಾನ್ ಹೌಟನ್ನರ ಕಥೆಯನ್ನು ನೆನೆಯಬೇಕು. ಕೋಕೋ ತುಟ್ಟಿಯಾದ ಕಾಲದಲ್ಲಿ ಈ ಓದು ಇನ್ನಷ್ಟು ಅವಶ್ಯ.

ಯುಗಾದಿಯ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಬೇವಿನ ಹೂವನ್ನು ಬೆಲ್ಲದೊಡನೆ ಕೊಡುತ್ತಾರೆ. ಯಾರೂ ಅದನ್ನು ಬಟ್ಟಲುಗಟ್ಟಲೆ ತಿನ್ನುವುದಿಲ್ಲ, ಬೇಡವೆಂದು ತಳ್ಳುವುದೂ ಇಲ್ಲ. ಅಂಗೈಯಲ್ಲಿ ಹಿಡಿಸುವಷ್ಟನ್ನು ಬಾಯಿಗೆ ಹಾಕಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಪುತ್ತೂರಿನ ತೋಟದ ನೆರಳಿನಿಂದ ಬಂದ ಈ ಕಪ್ಪು ತುಂಡಿಗೂ ಅದೇ ಮರ್ಯಾದೆ ಸಲ್ಲುತ್ತದೆ. ಊಟವಾದ ಮೇಲೆ ಒಂದು ಚೂರು, ಅಗಿಯದೆ, ನಾಲಗೆಯ ಮೇಲೆ ನಿಧಾನವಾಗಿ ಕರಗಲು ಬಿಟ್ಟರೆ, ಮೊದಲು ಕಹಿ, ಆಮೇಲೆ ಒಗರು, ಕಡೆಗೆ ಒಂದಿಷ್ಟು ಸಿಹಿ ತಿಳಿಯುತ್ತದೆ. ಇನ್ನೊಂದು ಚೂರಿಗೆ ಕೈ ಹೋಗುವ ಮೊದಲು ಡಬ್ಬದ ಮುಚ್ಚಳ ಹಾಕಿದರೆ ಆಯಿತು.